ಪಾರ್ಸೆಲ್ ಚಾಲಕ ಗುತ್ತಿಗೆದಾರನೋ ನೌಕರನೋ: ಮಡಿಕೇರಿಯ ವಕೀಲನೊಬ್ಬನ ಅನುಭವ

ಮಡಿಕೇರಿಯಲ್ಲಿ ವಕೀಲಿ ವೃತ್ತಿ ಮಾಡುವ ನನ್ನ ಬಳಿಗೆ ಬರುವ ಕಕ್ಷಿದಾರರಲ್ಲಿ ಬಹುಪಾಲು ಜನ ತೋಟದ ಗಡಿ, ಜಮ್ಮಾ (ಕೊಡಗಿನ ವಂಶಪಾರಂಪರ್ಯ) ಹಿಡುವಳಿಯ ತಕರಾರುಗಳನ್ನು ಹೊತ್ತು ಬರುವವರು. ಆನ್‌ಲೈನ್ ಪಾರ್ಸೆಲ್ ತಲುಪಿಸುವ ಯುವಕನೊಬ್ಬನ ಪರವಾಗಿ, ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಡಿ ಅರ್ಜಿ ಹಾಕಿದ್ದು ನನಗೆ ಹೊಸ ಕೆಲಸವಾಗಿತ್ತು. ಆತ ನಾಪೋಕ್ಲು, ಕಕ್ಕಬ್ಬೆ ಕಡೆಯ ಪಾರ್ಸೆಲ್‌ಗಳನ್ನು ಒಯ್ಯುತ್ತಿದ್ದವನು. ಮಳೆಗಾಲದಲ್ಲಿ ಬೈಕ್ ಜಾರಿ ಬಿದ್ದು ಮೊಣಕಾಲಿಗೆ ಶಾಶ್ವತ ಊನವಾಗಿತ್ತು.

ಕಂಪನಿಯ ಆಕ್ಷೇಪಣೆ ನಿರೀಕ್ಷಿಸಿದಂತೆಯೇ ಬಂತು. ಬೈಕ್ ಅವನದು, ಪೆಟ್ರೋಲ್ ಅವನದು, ಹಣ ಕೊಡುವುದು ಪಾರ್ಸೆಲ್ ಲೆಕ್ಕದಲ್ಲಿ, ಒಪ್ಪಂದದಲ್ಲಿ ‘ಸ್ವತಂತ್ರ ಗುತ್ತಿಗೆದಾರ’ ಎಂದು ಅವನೇ ಸಹಿ ಮಾಡಿದ್ದಾನೆ, ಗುತ್ತಿಗೆದಾರರಿಗೆ ಅನ್ವಯಿಸುತ್ತಿದ್ದ ಆದಾಯ ತೆರಿಗೆ ಕಾಯ್ದೆಯ 194ಸಿ ಕಲಮಿನಡಿ ಟಿಡಿಎಸ್ ಕೂಡ ಕಡಿತವಾಗಿದೆ ಎಂಬುದು ಅದರ ಸಾರ. ಜೊತೆಗೆ, ಅವನನ್ನು ಸೇರಿಸಿಕೊಂಡವನು ಸ್ಥಳೀಯ ಏಜೆಂಟ್ ಎಂಬ ವಾದವೂ ಇತ್ತು. ಗುತ್ತಿಗೆದಾರನ ಆಳಿಗೆ ಮೂಲ ಕಂಪನಿಯೇ ಪರಿಹಾರ ಕೊಡಬೇಕೆನ್ನುತ್ತಿದ್ದ 1923ರ ಕಾಯ್ದೆಯ 12ನೇ ಕಲಮು ಇಲ್ಲಿ ಸುಲಭದ ದಾರಿಯಂತೆ ಕಂಡರೂ, ಅದರ 4ನೇ ಉಪಕಲಮು ಅಪಘಾತವು ಕಂಪನಿ ಕೆಲಸ ನಡೆಸುವ ಅಥವಾ ಅದರ ಹತೋಟಿಯಲ್ಲಿರುವ ಸ್ಥಳದಲ್ಲೋ ಅದರ ಆಸುಪಾಸಿನಲ್ಲೋ ಆಗಿರಬೇಕೆಂದು ಬಯಸುತ್ತಿತ್ತು. ಕಕ್ಕಬ್ಬೆಯ ರಸ್ತೆಯನ್ನು ಹಾಗೆನ್ನಲು ಹೊರಟರೆ ವಾದ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಆದ್ದರಿಂದ ಕಂಪನಿಗೂ ಇವನಿಗೂ ನೇರವಾಗಿ ಮಾಲೀಕ–ನೌಕರ ಸಂಬಂಧವಿದೆ ಎಂದೇ ರುಜುವಾತುಪಡಿಸಲು ನಿರ್ಧರಿಸಿದೆ.

ಅಪಘಾತವಾದ ಕೂಡಲೇ ಕಂಪನಿಯ ಆ್ಯಪ್‌ಗೆ ಅವನ ಲಾಗಿನ್ ಐಡಿ ಬ್ಲಾಕ್ ಆಗಿ, ಆ್ಯಪ್‌ನೊಳಗಿನ ಲೆಕ್ಕವೆಲ್ಲ ಮುಚ್ಚಿಹೋಗಿತ್ತು. ಆದರೆ ನಮ್ಮ ಜಿಲ್ಲೆಯ ನೆಟ್‌ವರ್ಕ್ ಕೊರತೆಯೇ ಇಲ್ಲಿ ಅನುಕೂಲಕ್ಕೆ ಬಂತು. ತೋಟಗಳ ಒಳಗೆ ಸಿಗ್ನಲ್ ಸಿಗದ ಕಾರಣ ಆ್ಯಪ್‌ನಲ್ಲಿ ದಾಖಲಾಗದ ಡೆಲಿವರಿಗಳನ್ನು ಸಂಜೆ ಹಬ್‌ನಲ್ಲಿ (ಪಾರ್ಸೆಲ್ ಹಂಚುವ ಕೇಂದ್ರದಲ್ಲಿ) ರನ್‌ಶೀಟ್‌ಗೆ, ಅಂದರೆ ಆ ದಿನದ ಡೆಲಿವರಿ ಪಟ್ಟಿಗೆ, ಕೈಯಲ್ಲಿ ಬರೆದು, ಇನ್‌ಚಾರ್ಜ್ ಸಹಿ ಹಾಕುತ್ತಿದ್ದರು. ಆ ಹಾಳೆಗಳ ಫೋಟೊಗಳು ಹುಡುಗನ ಮೊಬೈಲಿನಲ್ಲಿದ್ದವು. ಯಾವ ರೂಟ್ ಮೊದಲು, ಎಷ್ಟು ಗಂಟೆಗೆ ಹೊರಡಬೇಕು, ಎಸ್ಟೇಟ್ ಗೇಟಿನಲ್ಲಿ ಬಿಟ್ಟುಬಂದ ಪಾರ್ಸೆಲ್‌ಗೆ ಎಷ್ಟು ಹಣ ಕಡಿತ ಎಂಬುದೆಲ್ಲ ಅದರಲ್ಲಿತ್ತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವನು ಹುತ್ತರಿಗೆ ರಜೆ ಕೇಳಿದಾಗ ಬಂದ ಉತ್ತರ ಇದು: ‘ಲೋಡ್ ಜಾಸ್ತಿ ಇದೆ, ರಜೆ ಇಲ್ಲ. ಬರದಿದ್ದರೆ ಐಡಿ ಬ್ಲಾಕ್.’ ಸ್ವತಂತ್ರ ಗುತ್ತಿಗೆದಾರನಿಗೆ ರಜೆ ನಿರಾಕರಿಸುವವರು ಯಾರು? ಇವೆಲ್ಲವನ್ನು ವಿದ್ಯುನ್ಮಾನ ದಾಖಲೆಗೆ ಬೇಕಾದ ಪ್ರಮಾಣಪತ್ರದೊಂದಿಗೆ ಹಾಜರುಪಡಿಸಿದೆ. ಈ ಪ್ರಮಾಣಪತ್ರವಿಲ್ಲದೆ ಬರಿಯ ಪ್ರಿಂಟ್‌ಔಟ್ ಕೊಡುವ ಕಿರಿಯ ವಕೀಲರನ್ನು ಈಗಲೂ ನೋಡುತ್ತಿರುತ್ತೇನೆ.

ಪಾಟೀಸವಾಲಿನಲ್ಲಿ ಹಬ್ ಇನ್‌ಚಾರ್ಜ್‌ಗೆ ನಾನು ಕೇಳಿದ ಮುಖ್ಯ ಪ್ರಶ್ನೆ ಒಂದೇ: ಹುಷಾರಿಲ್ಲದ ದಿನ ಇವನು ತನ್ನ ತಮ್ಮನನ್ನು ಕಳುಹಿಸಬಹುದಿತ್ತೇ? ‘ಇಲ್ಲ ಸಾರ್, ಸೆಲ್ಫಿ ಹೊಂದಿದರೆ ಮಾತ್ರ ಲಾಗಿನ್ ಆಗುತ್ತದೆ’ ಎಂದರು. ತನ್ನ ಬದಲು ಇನ್ನೊಬ್ಬನನ್ನು ಕಳುಹಿಸಲಾಗದವನು ಸ್ವತಂತ್ರ ಗುತ್ತಿಗೆದಾರ ಹೇಗಾಗುತ್ತಾನೆ?

ವಾದಕ್ಕೆ ನಾನು ಆಧರಿಸಿದ್ದು ಹಳೆಯ ತೀರ್ಪನ್ನೇ. ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ (1957ರ ವರದಿ) ಉಪ್ಪು ತಯಾರಿಸುವ ಅಗರಿಯಾಗಳು ಮಣದ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದರೂ, ತಾವೇ ಸಹಾಯಕರನ್ನು ಇಟ್ಟುಕೊಳ್ಳುತ್ತಿದ್ದರೂ, ಕೆಲಸದ ರೀತಿಯ ಮೇಲೆ ಕಂಪನಿಯ ಹತೋಟಿ ಇದ್ದ ಕಾರಣ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಪಾರ್ಸೆಲ್ ಲೆಕ್ಕದ ಕೂಲಿಯ ವಾದಕ್ಕೆ ಅಷ್ಟು ಸಾಕಾಯಿತು. ಒಪ್ಪಂದದ ಸಹಿಗೆ 1923ರ ಕಾಯ್ದೆಯ 17ನೇ ಕಲಮು ಉತ್ತರವಾಯಿತು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಅದರಡಿ ಶೂನ್ಯವಾಗಿತ್ತು. ಟಿಡಿಎಸ್ ಯಾವ ಕಲಮಿನಡಿ ಕಡಿತವಾಗಬೇಕೆಂದು ತೀರ್ಮಾನಿಸಿದವರು ಕಂಪನಿಯ ಲೆಕ್ಕಿಗರೇ ಹೊರತು ಹುಡುಗನಲ್ಲ ಎಂದೂ ವಾದಿಸಿದೆ. ಅರ್ಜಿಯ ವಿಚಾರಣೆ ನಡೆಸಿದ ಆಯುಕ್ತರು ಅವನನ್ನು ನೌಕರನೆಂದು ಒಪ್ಪಿ, ಶೇ 12ರ ಬಡ್ಡಿಯೊಂದಿಗೆ ಪರಿಹಾರಕ್ಕೆ ಆದೇಶಿಸಿದರು. ಕಂಪನಿ ಮೇಲ್ಮನವಿ ಹಾಕಿದೆ. ಅದಕ್ಕೆ ಮೊದಲು ಆದೇಶದ ಮೊತ್ತವನ್ನು ಠೇವಣಿ ಇಡಬೇಕಾಯಿತು.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, 1923ರ ಕಾಯ್ದೆಯ ವಿಷಯ ಅದರೊಳಗೆ ಸೇರಿದೆ. ಅದೇ ವರ್ಷ ಬಂದ ಕರ್ನಾಟಕದ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಕೆಲಸ ಮಾಡುವವರ) ಕಾಯ್ದೆಯು ನೋಂದಣಿ, ಕಲ್ಯಾಣ ನಿಧಿ, ಕೆಲಸದಿಂದ ತೆಗೆಯುವ ಮೊದಲು 14 ದಿನಗಳ ನೋಟಿಸು ಇವನ್ನು ಕೊಡುತ್ತದೆ. ಐಡಿ ಬ್ಲಾಕ್ ಮಾಡುವವರಿಗೆ ಈ ನೋಟಿಸು ದೊಡ್ಡ ಅಡ್ಡಿಯೇ ಸರಿ. ಆದರೂ ಚಾಲಕ ನೌಕರನೆಂದು ಆ ಕಾಯ್ದೆ ಘೋಷಿಸುವುದಿಲ್ಲ.

ಈ ಆದೇಶದ ಸುದ್ದಿ ಕೇಳಿ ಕುಶಾಲನಗರದ ವ್ಯಾನ್ ಮಾಲೀಕರೊಬ್ಬರು ನನ್ನನ್ನು ಕಂಡರು. ಅವರೂ ಪಾರ್ಸೆಲ್ ಸಾಗಿಸುವವರೇ, ಅವರಿಗೂ ಗಾಯವಾಗಿತ್ತು. ಆದರೆ ಅವರ ವ್ಯಾನ್‌ಗಳಲ್ಲಿ ಸಂಬಳದ ಚಾಲಕರಿದ್ದರು, ಯಾರನ್ನು ಕಳುಹಿಸುವುದೆಂದು ಅವರೇ ನಿರ್ಧರಿಸುತ್ತಿದ್ದರು, ಬೇರೆ ಎರಡು ಕಂಪನಿಗಳ ಸರಕನ್ನೂ ಒಯ್ಯುತ್ತಿದ್ದರು. ಬದಲಿ ವ್ಯಕ್ತಿಯನ್ನು ಕಳುಹಿಸುವ ಇಂಥ ಸ್ವಾತಂತ್ರ್ಯದ ಕಾರಣಕ್ಕೇ 2023ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಊಟ ತಲುಪಿಸುವ ಡೆಲಿವರೂ ಕಂಪನಿಯ ಸವಾರರ ವಾದ ಬಿದ್ದುಹೋಯಿತು. ಈ ವ್ಯಾನ್ ಮಾಲೀಕರ ಅರ್ಜಿಯನ್ನು ನಾನು ತೆಗೆದುಕೊಳ್ಳಲಿಲ್ಲ. ಆ ಚಾಲಕರಿಗೆ ಕಾನೂನಿನ ಕಣ್ಣಿನಲ್ಲಿ ನೀವೇ ಮಾಲೀಕರು, ಮೊದಲು ಅವರ ಹೆಸರಿನಲ್ಲಿ ನೌಕರರ ಪರಿಹಾರ ವಿಮೆ ಮಾಡಿಸಿ ಎಂದು ಹೇಳಿ ಕಳುಹಿಸಿದೆ. ಅಷ್ಟೇನೂ ಸಂತೋಷವಿಲ್ಲದೆ ಹೋದರು.