ಚೀಟಿಯ ಮೇಲಿನ 0.1

ಎಣ್ಣೆ ಗಿರಣಿಯ ಪ್ರಯೋಗಾಲಯಕ್ಕೆ ಸೇರಿದ ಹೊಸತು. ಕಚ್ಚಾ ಸೂರ್ಯಕಾಂತಿ ಎಣ್ಣೆಯ ಒಂದೇ ಮಾದರಿಯಲ್ಲಿ ಹಿರಿಯ ಸಹೋದ್ಯೋಗಿಗೆ ಮುಕ್ತ ಕೊಬ್ಬಿನಾಮ್ಲ (ಎಣ್ಣೆಯಲ್ಲಿ ಬಿಡಿಯಾಗಿರುವ ಆಮ್ಲ) ಶೇ 1.90 ಬಂದರೆ, ನನಗೆ 2.00 ಬಂತು. ಮೂರು ಸಲ ಮಾಡಿದರೂ ಅಷ್ಟೇ. ಆ ಆಮ್ಲವನ್ನು ಅಳೆಯುವುದು ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿಸಿ, ಎಷ್ಟು ಖರ್ಚಾಯಿತೆಂದು ನೋಡಿ. ಅವರು ನನ್ನ ಕಾಸ್ಟಿಕ್ ಸೋಡಾ ಬಾಟಲಿಯನ್ನು ಎತ್ತಿ ನೋಡಿ, “ಇದನ್ನು ಯಾವುದರ ಎದುರು ಪರೀಕ್ಷಿಸಿದಿರಿ?” ಎಂದರು. ನಾನು 4 ಗ್ರಾಂ ತೂಗಿ, ಒಂದು ಲೀಟರ್ ಮಾಡಿ, ಚೀಟಿಯಲ್ಲಿ 0.1 ನಾರ್ಮಲ್ (ದ್ರಾವಣದ ಶಕ್ತಿಯ ಅಳತೆ) ಎಂದು ಬರೆದಿದ್ದೆ, ಅಷ್ಟೇ.

ಕಾಸ್ಟಿಕ್ ಸೋಡಾವನ್ನು ತೂಕದ ಮೇಲೆ ನಂಬುವಂತಿಲ್ಲ. ತಕ್ಕಡಿಯ ಮೇಲಿರುವಾಗಲೇ ಅದರ ಬಿಳಿ ಗುಳಿಗೆಗಳು ಬೆವರಿದಂತೆ ಹೊಳೆಯತೊಡಗುತ್ತವೆ. ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಂಡು ಒಂದು ಪಾಲು ಕಾರ್ಬೊನೇಟ್ ಆಗಿಬಿಡುತ್ತದೆ.

ಹಾಗಾಗಿ ದ್ರಾವಣದ ನಿಜವಾದ ಶಕ್ತಿಯನ್ನು ತಿಳಿಯಲು ಅಳತೆಗೋಲಾಗಿ ನಾನು ಆರಿಸಿಕೊಂಡದ್ದು ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ಎಂಬ ಆಮ್ಲೀಯ ಲವಣ, ನಮ್ಮ ಮಾತಿನಲ್ಲಿ ಕೆಎಚ್‌ಪಿ. ಕಾಲೇಜಿನಲ್ಲಿ ಆಕ್ಸಾಲಿಕ್ ಆಮ್ಲ ಬಳಸುತ್ತಿದ್ದೆವು. ಆದರೆ ಅದರ ಹರಳಿನೊಳಗಿನ ನೀರು ಒಣ ಹವೆಯಲ್ಲಿ ಹಾರಿಹೋಗುತ್ತದೆ. ಕೆಎಚ್‌ಪಿಗೆ ಆ ಕಾಟವಿಲ್ಲ. ಅದರ ತುಲ್ಯಾಂಕ ಭಾರವೂ (ಒಂದೇ ಪ್ರಮಾಣದ ಸೋಡಾಕ್ಕೆ ಸರಿಹೊಂದುವ ತೂಕ) 204.22, ಆಕ್ಸಾಲಿಕ್‌ನದು 63.03. 0.1ರ ಸೋಡಾ ದ್ರಾವಣದ 25 ಮಿ.ಲೀ.ಗೆ ಸರಿಹೊಂದಲು ಒಂದರಲ್ಲಿ 0.51 ಗ್ರಾಂ ತೂಗಿದರೆ ಇನ್ನೊಂದರಲ್ಲಿ 0.16 ಗ್ರಾಂ ಸಾಕು. ತಕ್ಕಡಿಯ ಸಣ್ಣ ತಪ್ಪು ಆ 0.16ರಲ್ಲಿ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಕೆಎಚ್‌ಪಿಯನ್ನು 110 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ತೇವ ತಾಗದ ಮುಚ್ಚಿದ ಪಾತ್ರೆಯಾದ ಡೆಸಿಕೇಟರಿನಲ್ಲಿ ತಣಿಸಿದೆ. 0.5106 ಗ್ರಾಂ ತೂಗಿ, ಕುದಿಸಿ ತಣಿಸಿದ ನೀರಿನಲ್ಲಿ ಕರಗಿಸಿ, ಆಮ್ಲ ಮುಗಿದೊಡನೆ ಗುಲಾಬಿಯಾಗುವ ಸೂಚಕ ಫಿನಾಲ್ಫ್ಥಲೀನ್ ಎರಡು ಹನಿ ಹಾಕಿ, ಸೋಡಾ ದ್ರಾವಣವನ್ನು ಬ್ಯುರೆಟ್ ಎಂಬ ಅಳತೆ ಗೆರೆಗಳ ಕೊಳವೆಯಿಂದ ಹನಿಸಿದೆ. ದ್ರಾವಣ ನಿಜಕ್ಕೂ 0.1 ಆಗಿದ್ದರೆ ಬ್ಯುರೆಟ್ 25.0 ಮಿ.ಲೀ.ನಲ್ಲಿ ನಿಲ್ಲಬೇಕಿತ್ತು. ನಿಂತದ್ದು 26.3ರಲ್ಲಿ. ನನ್ನ 0.1 ಅಸಲಿಗೆ 0.095! ಎಣ್ಣೆಯ ಲೆಕ್ಕದ ಅಂತರವೂ ಅಷ್ಟೇ ಇತ್ತು.

ಆಮೇಲೆ ವಿಧಾನವನ್ನೇ ಬದಲಿಸಿದೆ. ಮೊದಲು ಕಾಸ್ಟಿಕ್ ಸೋಡಾ ಮತ್ತು ನೀರನ್ನು ಸಮತೂಕದಲ್ಲಿ ಬೆರೆಸಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡುತ್ತೇನೆ. ಬೆರೆಸುವಾಗ ಅದು ಭಯಂಕರ ಬಿಸಿಯಾಗುತ್ತದೆ, ಕನ್ನಡಕವಿಲ್ಲದೆ ಹತ್ತಿರ ಹೋಗಬಾರದು. ಅಷ್ಟು ಗಟ್ಟಿ ದ್ರಾವಣದಲ್ಲಿ ಕಾರ್ಬೊನೇಟ್ ಕರಗದೆ ಕೆಲವು ದಿನಗಳಲ್ಲಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಸುಮಾರು 5.3 ಮಿ.ಲೀ. ತೆಗೆದು, ಕುದಿಸಿ ತಣಿಸಿದ ನೀರಿನಿಂದ ಲೀಟರ್ ಮಾಡಿದರೆ 0.1ರ ಆಸುಪಾಸಿಗೆ ಬರುತ್ತದೆ. ನಿಖರವಾಗಿ 0.1 ಮಾಡಲು ಹೆಣಗುವುದಿಲ್ಲ. ಕೆಎಚ್‌ಪಿ ಎದುರು ಮೂರು ಸಲ ನೋಡಿ, ಬಂದ ಸರಾಸರಿಯನ್ನು, 0.0987 ಇದ್ದರೆ 0.0987 ಎಂದೇ, ದಿನಾಂಕದ ಜೊತೆ ಚೀಟಿಯಲ್ಲಿ ಬರೆಯುತ್ತೇನೆ. ಪ್ರತಿ ಸೋಮವಾರ ಹಳೆಯ ಚೀಟಿಯನ್ನು ಕಿತ್ತು, ಮತ್ತೆ ನೋಡಿ, ಹೊಸದನ್ನು ಅಂಟಿಸುತ್ತೇನೆ.