ಜರ್ಮನಿಯಲ್ಲಿ ಸೆಮಿಸ್ಟರ್ ಮುಗಿಸಿ ಹೊರಡುವವರಿಗೆ: ರೂಮು ಬಿಡುವುದು ಹೇಗೆ, ಅಡ್ವಾನ್ಸ್ ಪೂರ್ತಿ ಪಡೆಯುವುದು ಹೇಗೆ

ಒಂದು ಸೆಮಿಸ್ಟರ್ ಓದಲು ಜರ್ಮನಿಗೆ ಹೋದ ನಮ್ಮ ಹುಡುಗ ಹುಡುಗಿಯರು ಹೊರಡುವ ಕಾಲಕ್ಕೆ ಸೂಟ್‌ಕೇಸಿನ ತೂಕದ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ದುಡ್ಡು ಕೈಬಿಡುವುದು ರೂಮಿನ ಅಡ್ವಾನ್ಸ್‌ನಲ್ಲಿ. ಅಲ್ಲಿ ಅದಕ್ಕೆ ಕೌಟ್ಸಿಯೋನ್ ಎನ್ನುತ್ತಾರೆ. ನೀರು, ಹೀಟಿಂಗ್ ಖರ್ಚು ಬಿಟ್ಟ ಬರೀ ಬಾಡಿಗೆಯ ಮೂರು ತಿಂಗಳಷ್ಟನ್ನು ಕಟ್ಟಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ವಿದ್ಯಾರ್ಥಿಗೆ ಅದು ಸಣ್ಣ ಮೊತ್ತವಲ್ಲ.

ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಅದನ್ನೇ ಲೆಕ್ಕಕ್ಕಿಟ್ಟುಕೊಂಡು ಹೇಳುತ್ತೇನೆ.

ಜನವರಿ: ರೂಮಿಗೆ ನೋಟಿಸ್

ಒಪ್ಪಂದದಲ್ಲಿ ಕೊನೆಯ ದಿನಾಂಕ ಇಲ್ಲದಿದ್ದರೆ ಮೂರು ತಿಂಗಳ ನೋಟಿಸ್ ಕೊಡಬೇಕು. ಮಾರ್ಚ್ 31ಕ್ಕೆ ಬಿಡುವುದಾದರೆ ಜನವರಿಯ ಮೂರನೇ ಕೆಲಸದ ದಿನದೊಳಗೆ ಪತ್ರ ಮಾಲೀಕರ ಕೈ ಸೇರಿರಬೇಕು. ಕಾಗದದ ಮೇಲೆ, ಪೆನ್ನಿನಿಂದ ಸಹಿ ಮಾಡಿದ ಪತ್ರವೇ ಆಗಬೇಕು. ಇಮೇಲ್, ವಾಟ್ಸ್ಆ್ಯಪ್ ನಡೆಯುವುದಿಲ್ಲ. ರಿಜಿಸ್ಟರ್ಡ್ ಪೋಸ್ಟ್ ಮಾಡಿ, ಇಲ್ಲವೇ ಕೈಗೆ ಕೊಟ್ಟು ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಹಾಸ್ಟೆಲ್ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಕೊನೆಯ ದಿನಾಂಕ ಇದ್ದೇ ಇರುತ್ತದೆ, ಅಲ್ಲಿ ನೋಟಿಸ್ ಬೇಡ. ಆದರೆ ಫೆಬ್ರವರಿಯಲ್ಲೇ ಪರೀಕ್ಷೆ ಮುಗಿಯಿತೆಂದು ಹೊರಟರೂ ಮಾರ್ಚ್ ಬಾಡಿಗೆ ಕಟ್ಟಬೇಕು. ನಿಮ್ಮ ಜಾಗಕ್ಕೆ ಬರುವವರನ್ನು ಹುಡುಕಿಕೊಟ್ಟರೂ ಮಾಲೀಕರು ಒಪ್ಪಿದರೆ ಮಾತ್ರ ಬಿಡುಗಡೆ.

ಫೆಬ್ರವರಿ: ಅಂಕಪಟ್ಟಿಗೆ ಬೇಕಾದ ಕಾಗದ

ಓದಿದ ಪ್ರತಿ ವಿಷಯದ ಪಠ್ಯವಿವರ ಇರುವ ಮೊಡುಲ್‌ಹಾಂಡ್‌ಬುಖ್ ಪುಟಗಳನ್ನು ಯೂನಿವರ್ಸಿಟಿ ಲಾಗಿನ್ ಮುಚ್ಚುವ ಮೊದಲೇ ಇಳಿಸಿಕೊಳ್ಳಿ. ಊರಿನ ಕಾಲೇಜು ಕ್ರೆಡಿಟ್ ಹೊಂದಿಸುವಾಗ ಅದನ್ನೇ ಕೇಳುತ್ತದೆ. ಅಂಕಪಟ್ಟಿಯ ಜೊತೆಗೆ ಗ್ರೇಡ್ ವಿವರಣೆಯ ಪುಟವೂ ಬೇಕು: ಅಲ್ಲಿ 1.0 ಅತ್ಯುತ್ತಮ, 4.0ಕ್ಕೆ ಪಾಸು, 5.0 ಎಂದರೆ ಫೇಲು. ಈ ಪುಟವಿಲ್ಲದೆ 1.3 ಬಂದಿರುವ ಪಟ್ಟಿಯನ್ನು ನಮ್ಮ ಆಫೀಸಿನಲ್ಲಿ ಕೊಟ್ಟರೆ, ಹತ್ತಕ್ಕೆ 1.3 ಎಂದು ಓದಿಬಿಡುವ ಅಪಾಯ ಉಂಟು. ಅಂಕಗಳು ಬರುವುದು ತಡವಾಗುತ್ತದೆ, ಆದ್ದರಿಂದ ಮೊಹರು ಹಾಕಿದ ಪ್ರತಿಯನ್ನು ಊರಿನ ವಿಳಾಸಕ್ಕೆ ಕಳಿಸಲು ಇಂಟರ್‌ನ್ಯಾಷನಲ್ ಆಫೀಸಿಗೆ ಮೊದಲೇ ಬರೆದುಕೊಡಿ.

ಮಾರ್ಚ್: ರೂಮು ತೊಳೆಯುವುದು

ಹೆಚ್ಚಿನವರು ಎಡವುವುದು ಇಲ್ಲೇ. ವಿಮಾನದ ಹಿಂದಿನ ರಾತ್ರಿ ಕಸ ಗುಡಿಸಿ, ನೆಲ ಒರೆಸಿದರೆ ರೂಮು ಶುಚಿಯಾಯಿತು ಎಂದುಕೊಳ್ಳುತ್ತಾರೆ. ಹೌಸ್‌ಮೈಸ್ಟರ್, ಅಂದರೆ ಕಟ್ಟಡ ನೋಡಿಕೊಳ್ಳುವವರು, ನೆಲದ ಜೊತೆಗೆ ನಲ್ಲಿ, ಷವರ್ ಗಾಜು, ಓವನ್, ಕಿಟಕಿಯ ಅಂಚು ಎಲ್ಲವನ್ನೂ ನೋಡುತ್ತಾರೆ. ಪೂರ್ತಿ ಮೂರು ದಿನ ಇದಕ್ಕೇ ಇಟ್ಟುಕೊಳ್ಳಿ.

ಮೊದಲು ಸುಣ್ಣದ ಕಲೆ. ಜರ್ಮನಿಯ ಬಹಳ ಊರುಗಳಲ್ಲಿ ನೀರು ಗಡಸು. ನಮ್ಮ ಬೋರ್‌ವೆಲ್ ನೀರಿನ ಬಕೆಟ್ಟಿಗೆ ಕಟ್ಟುವಂಥದೇ ಬಿಳಿ ಪೊರೆ ನಲ್ಲಿಗೂ ಷವರ್ ಗಾಜಿಗೂ ಕಟ್ಟುತ್ತದೆ. ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಪುಡಿಯನ್ನು ಒಂದು ಲೀಟರ್ ತಣ್ಣೀರಿಗೆ ಎರಡು ಮೂರು ದೊಡ್ಡ ಚಮಚ ಹಾಕಿ ಕರಗಿಸಿ. ಬಿಸಿನೀರು ಬೇಡ: ಬಿಸಿಯಾದರೆ ಆಸಿಡ್ ಸುಣ್ಣದ ಜೊತೆ ಸೇರಿ ಹೊಸದೊಂದು ಗಟ್ಟಿ ಪದರ ಕೂರುತ್ತದೆ, ಅದನ್ನು ತೆಗೆಯುವುದು ಇನ್ನೂ ಕಷ್ಟ. ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡಿ. ಷವರಿನ ತಲೆಯನ್ನು ಇದೇ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮುಳುಗಿಸಿ ರಬ್ಬರ್ ಬ್ಯಾಂಡ್ ಹಾಕಿ. ಟಾಯ್ಲೆಟ್ಟಿನಲ್ಲಿ ಬ್ರಷ್‌ನಿಂದ ನೀರು ತಳ್ಳಿ ತಗ್ಗಿಸಿ, ಪುಡಿ ಉದುರಿಸಿ ರಾತ್ರಿಯಿಡೀ ಬಿಡಿ. ವಿನೆಗರ್ ಅಗ್ಗವೆಂದು ಅದನ್ನು ಸುರಿಯಬೇಡಿ, ರಬ್ಬರಿನ ಅಂಚು ಹಾಳಾಗುತ್ತದೆ. ಅಮೃತಶಿಲೆಯಂಥ ಕಲ್ಲಿಗೆ ಯಾವ ಆಸಿಡ್ಡೂ ಕೂಡದು. ‘ಎಲ್ಲಕ್ಕೂ ಒಂದೇ’ ಎಂದು ಮಾರುವ ಸ್ಪ್ರೇಗಳು ಸುಣ್ಣದ ಮುಂದೆ ಸುವಾಸನೆಯ ನೀರಷ್ಟೇ.

ಆಮೇಲೆ ಕಿಟಕಿಯ ಅಂಚಿನ ಕಪ್ಪು ಬೂಷ್ಟು. ಚಳಿಗೆಂದು ಕಿಟಕಿ ಮುಚ್ಚಿ, ರೂಮಿನೊಳಗೆ ಬಟ್ಟೆ ಒಣಗಿಸಿ, ಅನ್ನ ಸಾರು ಬೇಯಿಸಿದರೆ ಆವಿ ಎಲ್ಲಕ್ಕಿಂತ ತಣ್ಣಗಿರುವ ಜಾಗಕ್ಕೆ ಹೋಗಿ ಕೂರುತ್ತದೆ. ಅದಕ್ಕೇ ನವೆಂಬರಿನಿಂದಲೇ ದಿನಕ್ಕೆ ಎರಡು ಮೂರು ಸಲ, ಐದರಿಂದ ಹತ್ತು ನಿಮಿಷ ಕಿಟಕಿಯನ್ನು ಪೂರ್ತಿ ತೆರೆದಿಡಬೇಕು. ಬೂಷ್ಟು ಬಂದೇಬಿಟ್ಟಿದ್ದರೆ ಕ್ಲೋರಿನ್ ಇರುವ ಬೂಷ್ಟಿನ ಸ್ಪ್ರೇ ಬಳಸಿ, ಕಿಟಕಿ ತೆರೆದು, ಗ್ಲೌಸ್ ಹಾಕಿ. ಸಿಟ್ರಿಕ್ ಆಸಿಡ್ ಹಾಕಿದ ಜಾಗದಲ್ಲಿ ಅದೇ ದಿನ ಕ್ಲೋರಿನ್ ಹಾಕಬೇಡಿ, ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ. ಒಂದು ದಿನ ಸುಣ್ಣ, ಚೆನ್ನಾಗಿ ತೊಳೆದ ಮೇಲೆ ಮರುದಿನ ಬೂಷ್ಟು.

ಇನ್ನು ನಮ್ಮ ಅಡುಗೆಯ ಗುರುತುಗಳು. ಒಲೆಯ ಮೇಲಿನ ಚಿಮಣಿಯ ಲೋಹದ ಜಾಲರಿಯಲ್ಲಿ ಒಗ್ಗರಣೆಯ ಎಣ್ಣೆ ಜಿಡ್ಡುಗಟ್ಟಿರುತ್ತದೆ. ಬಿಚ್ಚಿ, ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ಒಂದು ಗಂಟೆ ನೆನೆಸಿಡಿ. ಅರಿಶಿನದ ಕಲೆ ಹಿಡಿದ ಫ್ರಿಜ್ ತಟ್ಟೆ, ಹೆಚ್ಚುವ ಮಣೆಗಳನ್ನು ತೊಳೆದು ಬಿಸಿಲಿಗಿಡಿ, ಅರಿಶಿನದ ಬಣ್ಣ ಬೆಳಕಿಗೆ ತಾನೇ ಮಾಸುತ್ತದೆ. ಬಿಸಿಲಿಗೆ ಇಡಲಾಗದ ಕಟ್ಟೆಯ ಮೇಲಿನ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹದಿನೈದು ನಿಮಿಷ ಹಚ್ಚಿಡಿ. ‘ಮ್ಯಾಜಿಕ್’ ಸ್ಪಂಜಿನಿಂದ ಹೊಳಪಿನ ಕಪಾಟನ್ನು ಉಜ್ಜಬೇಡಿ: ಕಲೆ ಹೋಗುತ್ತದೆ, ಹೊಳಪೂ ಹೋಗುತ್ತದೆ. ಫ್ರೀಜರಿನ ಹಿಮಕ್ಕೆ ಒಂದು ದಿನ ಮೊದಲೇ ಸ್ವಿಚ್ ಆಫ್ ಮಾಡಿ, ಚಾಕು ಹಾಕಿ ಕೆತ್ತಬೇಡಿ.

ಗೋಡೆಯ ಮೊಳೆ ತೂತಿಗೆ ಟೂತ್‌ಪೇಸ್ಟ್ ತುಂಬುವ ಉಪಾಯ ಎಲ್ಲರ ಬಾಯಲ್ಲೂ ಇದೆ. ಅದು ಒಣಗಿ ಕುಗ್ಗುತ್ತದೆ, ಗೋಡೆಗೂ ಅದಕ್ಕೂ ಬಣ್ಣ ಬೇರೆಯಾಗಿ ಎದ್ದು ಕಾಣುತ್ತದೆ. ಟ್ಯೂಬಿನಲ್ಲಿ ಸಿಗುವ ಗೋಡೆಯ ಪುಟ್ಟಿಯನ್ನೇ ಬಳಸಿ, ಒಣಗಿದ ಮೇಲೆ ನಯವಾದ ಉಪ್ಪುಕಾಗದದಲ್ಲಿ ತಿಕ್ಕಿ.

ಬೀಗದ ಕೈ ಕೊಡುವ ದಿನ

ಹಗಲಿನ ಬೆಳಕಿನಲ್ಲೇ ಸಮಯ ಕೇಳಿಕೊಳ್ಳಿ, ವಿಮಾನಕ್ಕಿಂತ ಕನಿಷ್ಠ ಎರಡು ದಿನ ಮೊದಲು. ಏನಾದರೂ ತಪ್ಪು ಹೇಳಿದರೆ ತಿದ್ದಲು ಆ ಎರಡು ದಿನ ಬೇಕು. ಮಧ್ಯದ ರಾತ್ರಿಗಳಿಗೆ ಗೆಳೆಯರ ಮನೆ ಸಾಕು. ಸೇರುವ ದಿನ ರೂಮಿನ ಸ್ಥಿತಿಯನ್ನು ಬರೆದಿಟ್ಟ ಪ್ರೊಟೊಕೋಲ್ ಪಟ್ಟಿಯನ್ನು ಕೈಯಲ್ಲಿಟ್ಟುಕೊಂಡಿರಿ. ಮೊದಲೇ ಇದ್ದ ಗೀರು ನಿಮ್ಮ ತಲೆಗೆ ಬರದಂತೆ ತಡೆಯುವುದು ಅದೇ. ಹೊಸ ಪಟ್ಟಿಯಲ್ಲಿ ವಿದ್ಯುತ್ ಮೀಟರಿನ ಅಂಕಿ, ಕೊಟ್ಟ ಕೀಗಳ ಸಂಖ್ಯೆ, ನಿಮ್ಮ ಐಬಾನ್ (ಅಲ್ಲಿನ ಬ್ಯಾಂಕ್ ಖಾತೆ ಸಂಖ್ಯೆ) ಮತ್ತು ಊರಿನ ವಿಳಾಸ ಇರಲಿ, ಪ್ರತಿ ಕೋಣೆಯ ಫೋಟೊ ತೆಗೆಯಿರಿ. ಅರ್ಥವಾಗದ ಜರ್ಮನ್ ವಾಕ್ಯಕ್ಕೆ ಸಹಿ ಹಾಕಬೇಡಿ. ಸಹಿ ಮಾಡಲೇಬೇಕೆಂಬ ಕಾನೂನಿಲ್ಲ. ಜರ್ಮನ್ ಬಲ್ಲ ಸಹಪಾಠಿಯೊಬ್ಬರು ಪಕ್ಕದಲ್ಲಿದ್ದರೆ ಸಾಕ್ಷಿಯೂ ಆಯಿತು. ಕೀ ಒಂದು ಕಳೆದಿದ್ದರೆ ಮುಚ್ಚಿಡಬೇಡಿ. ಇಡೀ ಕಟ್ಟಡಕ್ಕೆ ಒಂದೇ ಬೀಗದ ವ್ಯವಸ್ಥೆ ಇರುವಲ್ಲಿ ಬೀಗಗಳನ್ನೇ ಬದಲಿಸುವ ಖರ್ಚು ಬರಬಹುದು.

ಹೆಸರು ತೆಗೆಸುವುದು

ನಗರಾಡಳಿತದ ಕಚೇರಿಯಲ್ಲಿ ಅಬ್‌ಮೆಲ್ಡುಂಗ್, ಅಂದರೆ ಆ ವಿಳಾಸದಿಂದ ಹೆಸರು ತೆಗೆಸುವ ಕೆಲಸ, ಮಾಡಿಸಬೇಕು: ರೂಮು ಬಿಡುವ ಒಂದು ವಾರ ಮೊದಲಿನಿಂದ, ಬಿಟ್ಟು ಎರಡು ವಾರದೊಳಗೆ. ಅಲ್ಲಿ ಕೊಡುವ ದೃಢೀಕರಣ ಪತ್ರವನ್ನು ಜೋಪಾನವಾಗಿಡಿ, ಹೆಲ್ತ್ ಇನ್ಶೂರೆನ್ಸ್ ಮುಚ್ಚಿಸುವಾಗ ಕೇಳುತ್ತಾರೆ. ರೇಡಿಯೊ ಟಿವಿ ಶುಲ್ಕ ಮನೆಗೆ ತಿಂಗಳಿಗೆ 18.36 ಯೂರೊ, ಅದು ನಿಮ್ಮ ಹೆಸರಿನಲ್ಲಿದ್ದರೆ ಬೇರೆಯಾಗಿ ಅರ್ಜಿ ಹಾಕಿ ನಿಲ್ಲಿಸಬೇಕು, ಇಲ್ಲದಿದ್ದರೆ ನೀವು ಮೈಸೂರಿನಲ್ಲಿದ್ದರೂ ಬಾಕಿ ಬೆಳೆಯುತ್ತಿರುತ್ತದೆ.

ಸಾಮಾನಿನ ವಿಷಯ ಚಿಕ್ಕದು. ಪವರ್ ಬ್ಯಾಂಕ್ ಮತ್ತು ಅಸಲಿ ಕಾಗದಗಳು ಕೈಚೀಲದಲ್ಲಿ. ಖಾಲಿ ಬಾಟಲಿಗಳನ್ನು ಅಂಗಡಿಯ ಯಂತ್ರಕ್ಕೆ ಹಾಕಿ, ಬಿಸಾಡುವ ಜಾತಿಯ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಸಿಗುತ್ತದೆ. ಚಿಲ್ಲರೆ ನಾಣ್ಯಗಳನ್ನು ಅಲ್ಲೇ ಖರ್ಚು ಮಾಡಿ.

ಬ್ಯಾಂಕ್ ಖಾತೆಯನ್ನು ಮಾತ್ರ ಹೊರಡುವ ಮುನ್ನ ಮುಚ್ಚಲೇಬೇಡಿ. ಅಡ್ವಾನ್ಸ್ ಬರಲು ತಿಂಗಳುಗಳೇ ಹಿಡಿಯುತ್ತವೆ, ನೀರು ಹೀಟಿಂಗ್ ಲೆಕ್ಕಕ್ಕೆಂದು ಮಾಲೀಕರು ಒಂದಿಷ್ಟು ಮೊತ್ತ ಹಿಡಿದಿಡಬಹುದು. ಆ ಲೆಕ್ಕ ಕೊಡಲು ಅವರಿಗೆ ಲೆಕ್ಕದ ವರ್ಷ ಮುಗಿದ ಮೇಲೆ 12 ತಿಂಗಳ ಕಾಲಾವಕಾಶವಿದೆ. ಖಾತೆಗೆ ಜೋಡಿಸಿದ ಫೋನ್ ನಂಬರನ್ನು ಜರ್ಮನ್ ಸಿಮ್ ಇನ್ನೂ ಚಾಲೂ ಇರುವಾಗಲೇ ಊರಿನ ನಂಬರಿಗೆ ಬದಲಿಸಿ, ಆ್ಯಪ್ ತೆರೆದು ಒಂದು ಸಲ ಲಾಗಿನ್ ಆಗಿ ನೋಡಿ. ಕೊನೆಯ ಯೂರೊ ಬಂದ ಮೇಲೆ ಊರಿನಿಂದಲೇ ಸಹಿ ಮಾಡಿದ ಪತ್ರ ಬರೆದು ಖಾತೆ ಮುಚ್ಚಿಸಬಹುದು.