ರುಚಿ ಸೊಗಸು, ಸೇವೆ ಅಷ್ಟಕ್ಕಷ್ಟೆ: ಅಂಥ ಹೋಟೆಲಿನಲ್ಲಿ ನೆಮ್ಮದಿಯಾಗಿ ಉಣ್ಣುವ ಬಗೆ

ಅಡುಗೆಯ ರುಚಿಯನ್ನು ನೆಚ್ಚಿಕೊಂಡು ಮತ್ತೆ ಮತ್ತೆ ಹೋಗುವ, ಆದರೆ ಹೋದಾಗಲೆಲ್ಲ ಇಂದು ಹೇಗೋ ಏನೋ ಎಂಬ ಅಳುಕಿನಲ್ಲೇ ಕುಳಿತುಕೊಳ್ಳುವ ಹೋಟೆಲುಗಳು ನಮ್ಮ ಊರುಗಳಲ್ಲಿ ಒಂದೆರಡಾದರೂ ಇರುತ್ತವೆ. ಒಂದು ದಿನ ಕುಳಿತ ಕೂಡಲೇ ನೀರಿನ ಲೋಟ ಬಂದು ನಿಲ್ಲುತ್ತದೆ, ಹಿಂದೆಯೇ ಗರಿಗರಿ ದೋಸೆಯೂ ಬರುತ್ತದೆ. ಇನ್ನೊಂದು ದಿನ ಅದೇ ಮೇಜಿನಲ್ಲಿ ಕೈಯೆತ್ತಿ ಕರೆದು ಕರೆದು ಸಾಕಾಗುತ್ತದೆ. ಈ ಏರುಪೇರಿಗೆ ಸಪ್ಲೈಯರ್‌ಗಳ ಸ್ವಭಾವವನ್ನು ದೂರುವುದು ವಾಡಿಕೆ. ಆದರೆ ಗಮನಿಸಿ ನೋಡಿದರೆ ನಾವು ಹೋದ ಹೊತ್ತು, ಆರಿಸಿಕೊಂಡ ಜಾಗ ಮತ್ತು ಹೇಳಿದ ತಿಂಡಿ ಇವುಗಳೇ ಬಹುಮಟ್ಟಿಗೆ ಅದನ್ನು ನಿರ್ಧರಿಸುತ್ತವೆ. ಇವೆಲ್ಲವೂ ಗಿರಾಕಿಯ ಕೈಯಲ್ಲೇ ಇರುವ ಸಂಗತಿಗಳಾದ್ದರಿಂದ ಸ್ವಲ್ಪ ಮುಂದಾಲೋಚನೆಯಿಂದ ಹೋದರೆ ಒಳ್ಳೆಯ ಅಡುಗೆಯನ್ನು ಸಿಡಿಮಿಡಿಯಿಲ್ಲದೆ ಉಂಡು ಬರಬಹುದು.

ಮೊದಲಿಗೆ ಹೊತ್ತಿನ ವಿಚಾರ. ಭಾನುವಾರ ಬೆಳಗಿನ ಎಂಟೂವರೆಯಿಂದ ಹತ್ತೂವರೆಯವರೆಗೆ ತಿಂಡಿಗೆ ಹೆಸರಾದ ಯಾವ ಹೋಟೆಲಿನಲ್ಲೂ ಉಪಚಾರವನ್ನು ನಿರೀಕ್ಷಿಸಬಾರದು. ಅಡುಗೆಮನೆಯ ಒಲೆಗಳ ಸಂಖ್ಯೆ ವಾರವಿಡೀ ಒಂದೇ. ಭಾನುವಾರ ಹೆಚ್ಚುವುದು ಜನ ಮಾತ್ರ. ಜನಸಂದಣಿಯ ಹೊತ್ತನ್ನು ಎಲ್ಲರೂ ಊಹಿಸಬಲ್ಲರು, ಆದರೆ ಖಾಲಿ ಹೊತ್ತಿಗೂ ತನ್ನದೇ ಆದ ತೊಡಕಿದೆಯೆಂಬುದು ಅನೇಕರಿಗೆ ಹೊಳೆಯುವುದಿಲ್ಲ. ಊಟ ಮುಗಿಯುವ ಮೂರು ಗಂಟೆಗೂ ಸಂಜೆಯ ತಿಂಡಿ ಶುರುವಾಗುವ ನಾಲ್ಕು ಗಂಟೆಗೂ ನಡುವೆ ಹಲವು ಹೋಟೆಲುಗಳಲ್ಲಿ ಕೆಲಸಗಾರರು ತಾವು ಊಟಕ್ಕೆ ಕೂರುತ್ತಾರೆ, ಪಾಳಿ ಬದಲಾಗುತ್ತದೆ, ದೋಸೆಯ ಕಾವಲಿ ಆರಿರುತ್ತದೆ. ಮೇಜುಗಳೆಲ್ಲ ಖಾಲಿಯಿರುವಾಗಲೂ ಯಾರೂ ಹತ್ತಿರ ಸುಳಿಯುತ್ತಿಲ್ಲವಲ್ಲ ಎಂದು ಸಿಟ್ಟಾಗುವ ಗಿರಾಕಿ ಬಹುಶಃ ಈ ಹೊತ್ತಿನಲ್ಲಿಯೇ ಬಂದವನು. ಬೆಳಗಿನ ತಿಂಡಿಗಾದರೆ ಬಾಗಿಲು ತೆರೆದ ಅರ್ಧ ಗಂಟೆಯೊಳಗೆ, ಊಟಕ್ಕಾದರೆ ಹನ್ನೆರಡೂಕಾಲರ ಒಳಗೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಸಾರು ಹದವಾಗಿರುತ್ತದೆ, ಪಲ್ಯ ಮುಗಿದಿರುವುದಿಲ್ಲ, ಬಡಿಸುವವರ ಕಾಲೂ ಸೋತಿರುವುದಿಲ್ಲ. ದೂರದಿಂದ ಬರುವವರು ವಾರದ ರಜೆಯನ್ನೂ ತಿಳಿದುಕೊಂಡಿರಬೇಕು. ಗಾಂಧಿ ಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, 1924ರ ಮೂಲವಿರುವ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ ಎಂಬುದು ಬೆಂಗಳೂರಿಗರಿಗೆ ಬಾಯಿಪಾಠ. ಹೊರಗಿನಿಂದ ಬಂದವರು ಮಾತ್ರ ಮುಚ್ಚಿದ ಬಾಗಿಲ ಮುಂದೆ ನಿಂತಿರುತ್ತಾರೆ.

ಕುಳಿತು ತಿನ್ನುವುದೇ ಮುಖ್ಯವಲ್ಲವೆಂದಾದರೆ ದರ್ಶಿನಿಗಳಿವೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದಂದಿನಿಂದ ಬೆಂಗಳೂರು ಸೇವೆಯ ಸಮಸ್ಯೆಯನ್ನು ಸಪ್ಲೈಯರನ್ನೇ ತೆಗೆದುಹಾಕಿ ಬಗೆಹರಿಸಿಕೊಂಡಿದೆ ಎನ್ನಬಹುದು. ಹಣ ಕೊಟ್ಟು, ಟೋಕನ್ ಹಿಡಿದು, ತಟ್ಟೆಯನ್ನು ನಾವೇ ತಂದುಕೊಂಡು ನಿಂತೇ ತಿನ್ನುವ ಈ ಕ್ರಮದಲ್ಲಿ ಕಾದರೂ ಯಾರನ್ನು ದೂರಬೇಕೆಂದು ತೋಚುವುದಿಲ್ಲ. ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವವರಿಗೆ ಇದು ಒಗ್ಗದು. ಆದ್ದರಿಂದ ಮುಂದಿನ ಮಾತೆಲ್ಲ ಕುಳಿತು ತಿನ್ನುವ ಹೋಟೆಲುಗಳಿಗೆ ಸಂಬಂಧಿಸಿದ್ದು.

ಜಾಗವನ್ನು ಆರಿಸಿಕೊಳ್ಳುವಾಗ ಕಿಟಕಿಯ ಗಾಳಿಗಿಂತ ಸಪ್ಲೈಯರ್ ಓಡಾಡುವ ದಾರಿಯನ್ನು ನೋಡಿಕೊಳ್ಳುವುದು ಲೇಸು. ಒಬ್ಬೊಬ್ಬ ಸಪ್ಲೈಯರ್‌ಗೆ ಇಷ್ಟಿಷ್ಟು ಮೇಜುಗಳೆಂದು ಹಂಚಿಕೊಟ್ಟಿರುತ್ತಾರೆ. ಇಬ್ಬರ ಪಾಲು ಕೂಡುವ ಗಡಿಯಲ್ಲಿರುವ ಮೇಜಿಗೆ ಇವನು ಬರುತ್ತಾನೆಂದು ಅವನು, ಅವನು ಬರುತ್ತಾನೆಂದು ಇವನು ಸುಮ್ಮನಿದ್ದುಬಿಡುವ ಸಂಭವ ಹೆಚ್ಚು. ಕಂಬದ ಮರೆಯ ಮೇಜಿನದೂ ಕೈತೊಳೆಯುವ ಜಾಗಕ್ಕೆ ಅಂಟಿಕೊಂಡ ಮೇಜಿನದೂ ಇದೇ ಪಾಡು. ಅಡುಗೆಮನೆಯ ಬಾಗಿಲಿನಿಂದ ಗಲ್ಲಾದವರೆಗಿನ ಸಾಲಿನಲ್ಲಿ ಕುಳಿತರೆ ಸದ್ದುಗದ್ದಲ ತುಸು ಹೆಚ್ಚಾದರೂ ಕೂಗುವ ಅಗತ್ಯ ಬೀಳುವುದಿಲ್ಲ. ಕುಳಿತ ಮೇಲೆ ನೀರು ತಂದಿಟ್ಟ ಹುಡುಗನಿಗೆ ತಿಂಡಿ ಹೇಳಿಬಿಡುವುದು ಬಹಳ ಸಾಮಾನ್ಯವಾದ ತಪ್ಪು: ಅನೇಕ ಕಡೆ ನೀರು ಕೊಡುವವನೂ ಮೇಜು ಒರೆಸುವವನೂ ಆರ್ಡರ್ ತೆಗೆದುಕೊಳ್ಳುವವರಲ್ಲ. ಅವನು ತಲೆಯಾಡಿಸಿ ಹೋಗುತ್ತಾನೆ, ನಾವು ಕಾಯುತ್ತೇವೆ, ಒಳಗೆ ಯಾರಿಗೂ ಸುದ್ದಿ ಮುಟ್ಟಿರುವುದಿಲ್ಲ.

ತಿಂಡಿ ಹೇಳುವ ಕ್ರಮದಲ್ಲಿಯೇ ನಿಜವಾದ ಜಾಣ್ಮೆ ಇರುವುದು, ಅದಕ್ಕಾಗಿ ಅಡುಗೆಮನೆಯ ಲಯವನ್ನು ತಿಳಿದಿರಬೇಕು. ಹೋಟೆಲಿನ ದೊಡ್ಡ ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಸಾಲಾಗಿ ಹಿಟ್ಟು ಹುಯ್ದು ಹರಡಿ, ಮೇಲೆ ಬೆಣ್ಣೆಯನ್ನೋ ಎಣ್ಣೆಯನ್ನೋ ಬಿಟ್ಟು, ಪಲ್ಯವಿಟ್ಟು ಮಡಿಸುವ ಭಟ್ಟರು ಒಂದು ಸಲಕ್ಕೆ ಒಂದು ದೋಸೆ ಮಾಡುವುದಿಲ್ಲ. ಕಾವಲಿಯ ಅಗಲಕ್ಕೆ ತಕ್ಕಂತೆ ಎಂಟೋ ಹತ್ತೋ ದೋಸೆಗಳ ಒಂದು ಒಬ್ಬೆಯನ್ನೇ ಎಬ್ಬಿಸುತ್ತಾರೆ. ಆ ಒಬ್ಬೆ ಹೊರಬರುವ ಹೊತ್ತಿಗೆ ನಿಮ್ಮ ಆರ್ಡರ್ ಒಳಗಿದ್ದರೆ ದೋಸೆ ಕೂಡಲೇ ಸಿಗುತ್ತದೆ, ಒಂದು ಗಳಿಗೆ ತಪ್ಪಿದರೆ ಇಡೀ ಇನ್ನೊಂದು ಒಬ್ಬೆಗೆ ಕಾಯಬೇಕು. ನಾಲ್ಕು ಜನ ಕುಳಿತ ಮೇಜಿನಲ್ಲಿ ಮೂವರು ಮಸಾಲೆ ದೋಸೆ ಹೇಳಿ, ನಾಲ್ಕನೆಯವರು ಯೋಚನೆ ಮಾಡಿ ತಡವಾಗಿ ಅದನ್ನೇ ಹೇಳಿದರೆ, ಆ ಒಂದು ದೋಸೆ ಉಳಿದವರು ಕೈತೊಳೆದ ಮೇಲೆ ಬಂದರೂ ಅಚ್ಚರಿಪಡಬೇಕಾಗಿಲ್ಲ. ಆದ್ದರಿಂದ ಮೇಜಿನವರೆಲ್ಲರ ದೋಸೆಗಳನ್ನು ಒಟ್ಟಿಗೆ, ಒಂದೇ ಉಸಿರಿಗೆ ಹೇಳಬೇಕು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಮೊದಲಾದವು ಮುಂಚೆಯೇ ಸಿದ್ಧವಿರುವುದರಿಂದ ಅವನ್ನು ಮೊದಲು ತರಿಸಿಕೊಂಡು, ದೋಸೆಯನ್ನೂ ಪೂರಿಯನ್ನೂ ಅದೇ ಉಸಿರಿನಲ್ಲಿ ಹೇಳಿಟ್ಟರೆ ಕಾಯುವ ಹೊತ್ತು ತಿನ್ನುವುದರಲ್ಲೇ ಕಳೆದುಹೋಗುತ್ತದೆ. ಕಾಫಿಯನ್ನು ಮಾತ್ರ ಎಲ್ಲದರ ಜೊತೆಗೆ ಹೇಳಬಾರದು. ಹೇಳಿದರೆ ಅದು ಬಹುತೇಕ ದೋಸೆಗಿಂತ ಮೊದಲೇ ಬಂದು, ಕೆನೆಗಟ್ಟಿ, ಆರಿ ಕುಳಿತಿರುತ್ತದೆ. ದೋಸೆಯ ಕಡೆಯ ತುಂಡುಗಳು ತಟ್ಟೆಯಲ್ಲಿರುವಾಗ ಹೇಳುವುದು ಸರಿಯಾದ ಕಾಲ.

ತಂದೂರಿ, ಚೈನೀಸ್ ಎರಡೂ ಸಿಗುವ ದೊಡ್ಡ ಫ್ಯಾಮಿಲಿ ರೆಸ್ಟೋರೆಂಟುಗಳಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ರೊಟ್ಟಿಯ ಭಟ್ಟಿ ಒಬ್ಬರದು, ಫ್ರೈಡ್ ರೈಸಿನ ಒಲೆ ಇನ್ನೊಬ್ಬರದು, ಗ್ರೇವಿ ಮತ್ತೊಬ್ಬರದು. ಅವರವರ ಪಾತ್ರೆ ಅವರವರ ವೇಗದಲ್ಲಿ ಹೊರಬರುವುದರಿಂದ ಒಬ್ಬರು ಉಂಡು ಮುಗಿಸುವಾಗ ಇನ್ನೊಬ್ಬರ ತಟ್ಟೆ ಖಾಲಿಯಿರುತ್ತದೆ. ಮನೆಯವರೆಲ್ಲ ಹೋದಾಗ ಆದಷ್ಟೂ ಒಂದೇ ಒಲೆಯ ಪದಾರ್ಥಗಳನ್ನು ಹೇಳುವುದು ಮತ್ತು ಎಲ್ಲವನ್ನೂ ಒಟ್ಟಿಗೆ ತರಬೇಕೆಂದು ಆರ್ಡರ್ ಬರೆದುಕೊಳ್ಳುವ ಕ್ಯಾಪ್ಟನ್‌ಗೆ ಮೊದಲೇ ತಿಳಿಸುವುದು ಇದಕ್ಕೆ ಪರಿಹಾರ. ಹೇಳಿದ್ದನ್ನು ಅವರು ಒಮ್ಮೆ ಓದಿ ಹೇಳುವಂತೆ ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ಹತ್ತು ಜನರ ಗುಂಪಾದರೆ ಮಾತಾಡುವವರು ಒಬ್ಬರೇ ಇರಲಿ.

ಕರೆಯುವ ಬಗೆಯೂ ಮುಖ್ಯವೇ. ಕರಾವಳಿಯ ಹೋಟೆಲುಗಳಲ್ಲಿ ಹಿಂದೆ ‘ಮಾಣಿ’ ಎಂದು ಕರೆಯುವುದು ರೂಢಿಯಾಗಿತ್ತಾದರೂ ನಲವತ್ತು ದಾಟಿದ ಮನುಷ್ಯನನ್ನು ಇಂದು ಹಾಗೆ ಕೂಗುವುದು ಚೆನ್ನಾಗಿರುವುದಿಲ್ಲ. ಚಿಟಿಕೆ ಹೊಡೆಯುವುದು, ಲೋಟ ಕುಟ್ಟುವುದು ಅದಕ್ಕಿಂತ ಕೆಟ್ಟದ್ದು. ‘ಅಣ್ಣಾ, ಸ್ವಲ್ಪ ಇಲ್ಲಿ ನೋಡ್ತೀರಾ’ ಎಂದರೆ ಸಾಕು, ಬರುವವನು ಬರುತ್ತಾನೆ. ಒಡಿಶಾ, ಅಸ್ಸಾಂ, ಬಂಗಾಳಗಳಿಂದ ಬಂದ ಹುಡುಗರು ಈಗ ಬೆಂಗಳೂರಿನ ಹೋಟೆಲುಗಳಲ್ಲಿ ಬಹಳ ಮಂದಿ ಇದ್ದಾರೆ. ತಿಂಡಿಯ ಹೆಸರುಗಳನ್ನೆಲ್ಲ ಕನ್ನಡದಲ್ಲಿಯೇ ಬಲ್ಲ ಅವರಿಗೆ ‘ಸ್ವಲ್ಪ ಖಾರ ಕಡಿಮೆ ಮಾಡಿ, ಈರುಳ್ಳಿ ಮೇಲೆ ಹಾಕದೆ ಪಕ್ಕಕ್ಕೆ ಕೊಟ್ಟು’ ಎಂಬಂಥ ಉದ್ದದ ಸೂಚನೆ ಗಡಿಬಿಡಿಯಲ್ಲಿ ದಾಟುವುದಿಲ್ಲ. ಹೆಸರು, ಬೆರಳಿನಲ್ಲಿ ಸಂಖ್ಯೆ, ಬೇಡವಾದ ಒಂದೇ ಒಂದು ವಸ್ತು, ಇಷ್ಟರಲ್ಲಿ ಮುಗಿಸುವುದು ಕ್ಷೇಮ.

ಇಷ್ಟೆಲ್ಲ ಮಾಡಿಯೂ ತಡವಾದರೆ, ಕಾಲು ಗಂಟೆ ಕಳೆದ ಮೇಲೆ ಕೇಳಬೇಕಾದ ಪ್ರಶ್ನೆ ‘ಎಷ್ಟೊತ್ತಾಯಿತು?’ ಎಂಬುದಲ್ಲ, ‘ಆರ್ಡರ್ ಒಳಗೆ ಹೋಗಿದೆಯೇ?’ ಎಂಬುದು. ಮೊದಲನೆಯದಕ್ಕೆ ‘ಎರಡು ನಿಮಿಷ ಸರ್’ ಎಂಬ ಸಿದ್ಧ ಉತ್ತರವಿದೆ; ಎರಡನೆಯದನ್ನು ಕೇಳಿದಾಗ ಸಪ್ಲೈಯರ್ ಒಳಗೆ ಹೋಗಿ ನೋಡಲೇಬೇಕಾಗುತ್ತದೆ. ಮರೆತಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ. ಆ್ಯಪ್‌ಗಳ ಪಾರ್ಸೆಲ್ ಆರ್ಡರುಗಳು ಅದೇ ಕಾವಲಿಗೆ ಬಂದು ಬೀಳುತ್ತಿರುವ ಈ ಕಾಲದಲ್ಲಿ ಹಾಲ್ ಖಾಲಿಯಿದ್ದರೂ ಅಡುಗೆಮನೆ ತುಂಬಿರಬಹುದು ಎಂಬುದನ್ನೂ ನೆನಪಿಡಬೇಕು. ಇನ್ನೂ ಒಲೆಗೆ ಹೋಗದ ಪದಾರ್ಥವನ್ನು ಬೇಡವೆನ್ನುವುದರಲ್ಲಿ ತಪ್ಪಿಲ್ಲ, ಹುಯ್ದ ದೋಸೆಯನ್ನು ಬೇಡವೆನ್ನುವುದು ನ್ಯಾಯವಲ್ಲ. ಬಂದದ್ದು ಬೇರೆಯದಾಗಿದ್ದರೆ ಮುಟ್ಟುವ ಮೊದಲೇ ಹೇಳಬೇಕು. ಅರ್ಧ ತಿಂದು ತಕರಾರು ತೆಗೆದರೆ ಗಲ್ಲಾದಲ್ಲಿ ಕುಳಿತವರು ಕಿವಿಗೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ತಡವಾದದ್ದನ್ನು ಸಹಿಸಿಕೊಳ್ಳಬಹುದು, ಉಡಾಫೆಯ ಮಾತನ್ನು ಸಹಿಸಬೇಕಾಗಿಲ್ಲ. ಅಂಥದ್ದೇನಾದರೂ ನಡೆದರೆ ಸಪ್ಲೈಯರ್ ಜೊತೆ ವಾದಕ್ಕಿಳಿಯದೆ ಮ್ಯಾನೇಜರನ್ನು ಪಕ್ಕಕ್ಕೆ ಕರೆದು, ನಡೆದದ್ದನ್ನಷ್ಟೇ ತಗ್ಗಿದ ದನಿಯಲ್ಲಿ ಹೇಳುವುದರಿಂದ ಕೆಲಸ ಆಗುತ್ತದೆ.

ಬಿಲ್ ಬಂದಾಗ ಮೊತ್ತವನ್ನು ಮಾತ್ರ ನೋಡಿ ಫೋನ್ ಎತ್ತಿ ಸ್ಕ್ಯಾನ್ ಮಾಡುವ ಅಭ್ಯಾಸ ಒಳ್ಳೆಯದಲ್ಲ. ಸೇವೆ ಅಸ್ತವ್ಯಸ್ತವಾಗಿರುವ ಕಡೆ ಬಿಲ್ಲೂ ಅಸ್ತವ್ಯಸ್ತವಾಗಿರುತ್ತದೆ: ಬಾರದ ಪದಾರ್ಥ ಸೇರಿರುತ್ತದೆ, ಪಕ್ಕದ ಮೇಜಿನ ಕಾಫಿ ನಮ್ಮ ಲೆಕ್ಕಕ್ಕೆ ಬಂದಿರುತ್ತದೆ. ಸಾಮಾನ್ಯ ರೆಸ್ಟೋರೆಂಟುಗಳಲ್ಲಿ ಜಿಎಸ್‌ಟಿ ಶೇ. 5, ಅಂದರೆ ಕೇಂದ್ರದ್ದು 2.5 ಮತ್ತು ರಾಜ್ಯದ್ದು 2.5. ಒಟ್ಟು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತಾವೇ ತೆರಿಗೆ ಕಟ್ಟುವ ಕಾಂಪೋಸಿಷನ್ ಪದ್ಧತಿಯಲ್ಲಿ ನೋಂದಾಯಿಸಿಕೊಂಡ ಸಣ್ಣ ಹೋಟೆಲುಗಳು ಗಿರಾಕಿಯಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ. ತೆರಿಗೆಯ ಸಾಲಿನ ಪಕ್ಕದಲ್ಲಿಯೇ ‘ಸರ್ವಿಸ್ ಚಾರ್ಜ್’ ಎಂಬ ಸಾಲಿದ್ದರೆ ಅದು ತೆರಿಗೆಯಲ್ಲ ಎಂಬುದನ್ನು ತಿಳಿದಿರಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೋಟೆಲುಗಳು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿಯೂ ವಸೂಲು ಮಾಡುವಂತಿಲ್ಲ. ರೆಸ್ಟೋರೆಂಟ್ ಮಾಲೀಕರ ಸಂಘಟನೆಗಳು ಇದನ್ನು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠವು 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಅದರ ವಿರುದ್ಧ ಮೇಲ್ಮನವಿಯೂ ಸಲ್ಲಿಕೆಯಾಗಿದೆ. ಸೇವೆಯೇ ಸರಿಯಿಲ್ಲದ ದಿನ ಸೇವೆಯ ಶುಲ್ಕ ತೆರುವುದಕ್ಕೆ ಕಾರಣವಿಲ್ಲವಾದ್ದರಿಂದ ‘ಇದನ್ನು ತೆಗೆದು ಬೇರೆ ಬಿಲ್ ಕೊಡಿ’ ಎಂದು ಸಮಾಧಾನದಿಂದ ಕೇಳಬಹುದು. ಒಪ್ಪದಿದ್ದರೆ ಬಿಲ್ಲನ್ನು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಲು ಅವಕಾಶವಿದೆ.

ಟಿಪ್ಸ್ ಮಾತು ಬೇರೆ. ಯುಪಿಐ ಬಂದ ಮೇಲೆ ಸೋಂಪಿನ ತಟ್ಟೆಯಲ್ಲಿ ಉಳಿಯುತ್ತಿದ್ದ ಚಿಲ್ಲರೆ ಮಾಯವಾಗಿದೆ, ಸಪ್ಲೈಯರ್‌ಗಳಿಗೆ ಅದರಿಂದ ಆಗಿರುವ ನಷ್ಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಜೇಬಿನಲ್ಲಿ ಹತ್ತಿಪ್ಪತ್ತರ ನೋಟುಗಳನ್ನು ಇಟ್ಟುಕೊಂಡಿದ್ದು, ಗಲ್ಲಾದಲ್ಲಿ ಕೊಡದೆ ಬಡಿಸಿದವರ ಕೈಗೇ ಕೊಡುವುದು ಒಳ್ಳೆಯದು. ತಡ ಅಡುಗೆಮನೆಯದಾಗಿದ್ದು ಸಪ್ಲೈಯರ್ ಎರಡು ಸಲ ಬಂದು ಸಮಾಧಾನ ಹೇಳಿದ್ದರೆ ಟಿಪ್ಸ್ ಕಡಿತ ಮಾಡುವುದು ತಪ್ಪು ಜಾಗದಲ್ಲಿ ಸಿಟ್ಟು ತೀರಿಸಿಕೊಂಡಂತೆ. ಅದೇ ಹೋಟೆಲಿಗೆ ಮತ್ತೆ ಹೋಗುವ ಮನಸ್ಸಿದ್ದರೆ ಅವರ ಹೆಸರನ್ನು ಕೇಳಿಟ್ಟುಕೊಂಡು, ಮುಂದಿನ ಸಲ ಅವರ ಪಾಲಿನ ಮೇಜಿನಲ್ಲಿಯೇ ಕೂರಬಹುದು. ಆನ್‌ಲೈನಿನಲ್ಲಿ ಅಭಿಪ್ರಾಯ ಬರೆಯುವವರು ಹೋದ ದಿನವನ್ನೂ ಹೊತ್ತನ್ನೂ ನಮೂದಿಸಿದರೆ ಓದುವವರಿಗೆ ಪ್ರಯೋಜನ. ಹೊಗಳುವಾಗ ಸಪ್ಲೈಯರ್‌ನ ಹೆಸರು ಬರೆಯಲಿ, ತೆಗಳುವಾಗ ಬೇಡ. ದಿನಗೂಲಿಯವನ ಕೆಲಸಕ್ಕೆ ಒಂದು ಸಾಲಿನಿಂದ ಕುತ್ತು ಬರಬಹುದು.

ಅಡುಗೆ ಬೇಕೇ ಬೇಕು, ಅಲ್ಲಿನ ಗದ್ದಲ ಬೇಡವೇ ಬೇಡ ಎನ್ನುವವರಿಗೆ ಪಾರ್ಸೆಲ್ ಒಂದೇ ದಾರಿ, ಆದರೆ ಎಲ್ಲವೂ ಪಾರ್ಸೆಲ್‌ಗೆ ಒಗ್ಗುವುದಿಲ್ಲ. ಇಡ್ಲಿ, ಬಿಸಿಬೇಳೆ ಬಾತ್, ಪುಳಿಯೋಗರೆ, ವಾಂಗಿಬಾತ್ ಮನೆ ಮುಟ್ಟಿದ ಮೇಲೂ ತಮ್ಮ ಗುಣ ಬಿಡುವುದಿಲ್ಲ. ಮಸಾಲೆ ದೋಸೆ ಪೊಟ್ಟಣದೊಳಗಿನ ಹಬೆಗೆ ಹತ್ತು ನಿಮಿಷದಲ್ಲೇ ಮೆತ್ತಗಾಗುತ್ತದೆ, ಪೂರಿ ಇಳಿದುಹೋಗುತ್ತದೆ. ಇವೆರಡನ್ನೂ ಅಲ್ಲಿಯೇ ತಿನ್ನಬೇಕು. ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸದೆ ಬೇರೆಯಾಗಿ ಕಟ್ಟಲು ಹೇಳಬೇಕು. ಕಾಯಿಚಟ್ನಿ ಬೇಸಗೆಯ ಮಧ್ಯಾಹ್ನದಲ್ಲಿ ಬೇಗ ಹುಳಿತುಹೋಗುವುದರಿಂದ ಮನೆ ದೂರವಿರುವವರು ಅದನ್ನು ಅಲ್ಲಿಯೇ ಬಿಟ್ಟು, ಸಾಂಬಾರನ್ನು ಮಾತ್ರ ಕಟ್ಟಿಸಿಕೊಂಡು ಬಂದರಾಯಿತು.